ಕ್ಯಾಮರಾದವರು ನೀಲಿ ಗಾಜಿನಲ್ಲಿ ಕಂಡದ್ದು

ಮೊನ್ನೆ ಅಡುಗೆಮನೆಯಲ್ಲಿ ಸೊಸೆಯ ಕೈಜಾರಿ ವಿನೆಗರಿನ ಬಾಟಲಿ ಒಡೆಯಿತು. ಅವಳು ಚೂರು ಗುಡಿಸುತ್ತಿದ್ದಳು, ನಾನು ನೆಲ ಒರೆಸೋಣವೆಂದು ಬಗ್ಗಿದೆ. ಆ ಹುಳಿ ವಾಸನೆ ಮೂಗಿಗೆ ಹತ್ತಿದ್ದೇ ನನಗೆ ಮೇಲೇಳಲು ಆಗಲಿಲ್ಲ. ಸೊಸೆ ಹೆದರಿ ಕುರ್ಚಿ ಎಳೆದು ಕೂರಿಸಿದಳು. "ಎಂತ ಆಯ್ತು ಅತ್ತೆ? ತಲೆ ತಿರುಗಿತಾ?" ಎಂದು ಕೇಳಿದಳು. ಇಲ್ಲ ಎಂದೆ. ಏನಾಯಿತೆಂದು ಹೇಳಲಿಲ್ಲ.

ಅರವತ್ತು ವರ್ಷಕ್ಕೂ ಹಿಂದೆ ಉಡುಪಿಯ ಕಡಿಯಾಳಿಯ ನಮ್ಮ ಮನೆಯ ಬಚ್ಚಲಲ್ಲಿ ಇದೇ ವಾಸನೆ ಎರಡು ದಿನ ಹೋಗದೆ ನಿಂತಿತ್ತು. ಬಚ್ಚಲಿನ ಕಿಟಕಿಗೆ ಕಂಬಳಿ ಕಟ್ಟಿ, ಮೂರು ಪಿಂಗಾಣಿ ತಟ್ಟೆಗಳಲ್ಲಿ ಮದ್ದಿನ ನೀರು ಹುಯ್ದು, ಒಬ್ಬರು ಅಲ್ಲಿ ಸಿನೆಮಾ ಫಿಲ್ಮಿನ ತುಂಡೊಂದನ್ನು ತೊಳೆದಿದ್ದರು. ಫಿಲ್ಮಿನಲ್ಲಿ ಇದ್ದದ್ದು ನನ್ನ ಮುಖ. ತೊಳೆದವರನ್ನು ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕ್ಯಾಮರಾದವರು ಎನ್ನುತ್ತಿದ್ದೆವು. ಆಮೇಲೆ ಅಣ್ಣ ಅದನ್ನೂ ಬಿಟ್ಟು, ಆ ಮನುಷ್ಯ ಎನ್ನತೊಡಗಿದ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಪರ್ಕಳದ ಶಾಲೆಯಲ್ಲಿ ಟೀಚರ್ ಆಗಿದ್ದೆ, ವಯಸ್ಸು ಇಪ್ಪತ್ತೆರಡು. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಅಣ್ಣ ಉಡುಪಿಯಲ್ಲಿ ಸಣ್ಣ ಪ್ರೆಸ್ಸು ಇಟ್ಟುಕೊಂಡು ಮದುವೆ ಕಾಗದ, ನಾಟಕದ ನೋಟೀಸು ಅಚ್ಚು ಹಾಕುತ್ತಿದ್ದ. ಅವನಿಗೆ ಸಿನೆಮಾ ಮಾಡುವ ಹುಚ್ಚು. ಬರಿಯ ಮಾತಿನ ಹುಚ್ಚಲ್ಲ, ಕಥೆಯನ್ನು ದೃಶ್ಯ ದೃಶ್ಯವಾಗಿ ಬರೆದಿಟ್ಟಿದ್ದ. ಕಾಪುವಿನ ಕಡಲ ಬದಿಯ ಹೆಣ್ಣೊಬ್ಬಳು ಕಾರ್ಕಳದ ಕಲ್ಲು ಕೆಲಸದವನನ್ನು ಮದುವೆಯಾಗಿ ಹೋಗುವ ಕಥೆ. ಕಾರ್ಕಳದಲ್ಲಿ ಅಕ್ಕಿ ಮಿಲ್ಲು ಇದ್ದ ಸಾಹುಕಾರರೊಬ್ಬರು ಕಥೆ ಕೇಳಿ, ಮಾಡುವ ಎಂದರು. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ನನ್ನನ್ನು ನೋಡಿದ್ದವರೂ ಅವರೇ. "ಹೊರಗಿನವರು ಯಾಕೆ ಮಾರಾಯ? ನಿನ್ನ ತಂಗಿಯೇ ಉಂಟಲ್ಲ" ಎಂದರಂತೆ. ಅಮ್ಮ ಒಂದು ವಾರ ಅಣ್ಣನ ಜೊತೆ ಮಾತು ಬಿಟ್ಟರು. ಆಮೇಲೆ, ಅಣ್ಣನೇ ಜೊತೆಗಿರುತ್ತಾನಲ್ಲ ಎಂದು ಒಪ್ಪಿದರು. ನನಗೆ ಆಸೆ ಇರಲಿಲ್ಲವೆಂದು ಸುಳ್ಳು ಹೇಳಲಾರೆ. ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಗಿತ್ತು.

ಕ್ಯಾಮರಾದವರನ್ನು ಹುಡುಕುವ ಕೆಲಸ ಮೊದಲು ಶುರುವಾಯಿತು. ಮದರಾಸಿನ ಮೂವರಿಗೆ ಕಾಗದ ಹೋಯಿತು. ಅಣ್ಣ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ನನ್ನ ಅಕ್ಷರ ಅವನ ಪ್ರೆಸ್ಸಿನ ಅಚ್ಚಿಗಿಂತ ಚಂದ ಎಂದು ಅವನಿಗೆ ಹೆಮ್ಮೆ. ಇಬ್ಬರು ಉತ್ತರ ಬರೆದರು. ಒಬ್ಬರು ಹೂಬಳ್ಳಿಯ ಅಂಚಿನ ಕಾಗದದಲ್ಲಿ, ಇನ್ನೊಬ್ಬರು ನಟಿಯರ ಎಂಟು ಫೋಟೋಗಳನ್ನು ಲಕೋಟೆಯಲ್ಲಿಟ್ಟು. ಮೂರನೆಯವರು ಉತ್ತರ ಬರೆಯಲಿಲ್ಲ. ಹತ್ತು ದಿನ ಬಿಟ್ಟು ಒಂದು ಬೆಳಿಗ್ಗೆ ನಮ್ಮ ಮೆಟ್ಟಿಲ ಹತ್ತಿರ ಬಂದು ನಿಂತಿದ್ದರು. ಅವರ ಊರು ಕಾಪುವೇ ಆಗಿತ್ತು. ತಾಯಿಗೆ ಸೌಖ್ಯವಿಲ್ಲವೆಂದು ಮದರಾಸು ಬಿಟ್ಟು ಬಂದಿದ್ದರು. ನಮ್ಮ ಕಾಗದ ಅಲ್ಲಿಗೆ ಹೋಗಿ ಅವರ ಹಿಂದೆಯೇ ತಿರುಗಿ ಬಂದಿತ್ತು. ನಲವತ್ತೈದರ ಆಸುಪಾಸು, ಎತ್ತರದ ಸಪೂರ ಮನುಷ್ಯ. ಕುತ್ತಿಗೆಯಲ್ಲಿ ಕರಿ ದಾರಕ್ಕೆ ಕಟ್ಟಿದ ಒಂದು ಕಪ್ಪು ಗಾಜಿನ ಬಿಲ್ಲೆ. ಮಾತಾಡುತ್ತಾ ಆಡುತ್ತಾ ಅದನ್ನು ಕಣ್ಣಿಗೆ ಹಿಡಿದು ಅಂಗಳದ ಬೆಳಕನ್ನು ನೋಡುತ್ತಿದ್ದರು. ಅದರಲ್ಲಿ ನೋಡಿದರೆ ಬಣ್ಣಗಳು ಸತ್ತು, ಫಿಲ್ಮಿನಲ್ಲಿ ಹೇಗೆ ಬರುತ್ತದೆಂದು ತಿಳಿಯುತ್ತದಂತೆ.

ಅಣ್ಣ ಆ ಎಂಟು ಫೋಟೋಗಳನ್ನು ಅವರ ಮುಂದೆ ಹರಡಿ, ನಿಮ್ಮದು ಏನಾದರೂ ತಂದಿದ್ದೀರಾ ಎಂದು ಕೇಳಿದ.

"ಇಲ್ಲ. ಚಂದದ ಎಂಟು ಫೋಟೋ ಎಲ್ಲರ ಹತ್ತಿರವೂ ಉಂಟು. ನೀವು ಅವರನ್ನು ಕೇಳಬೇಕಾದದ್ದು ಹಾಳಾದ ಶಾಟ್. ಯಾವುದು ಹಾಳಾಯ್ತು, ಯಾಕೆ ಹಾಳಾಯ್ತು, ಆಮೇಲೆ ಎಂತ ಮಾಡಿದ್ರಿ ಅಂತ ಕೇಳಿ. ನನ್ನದು ಯಾವತ್ತೂ ಹಾಳಾಗಲಿಲ್ಲ ಅಂತ ಹೇಳುವವನನ್ನು ಇಟ್ಟುಕೊಳ್ಳಬೇಡಿ."

ಅಣ್ಣನಿಗೆ ಮನುಷ್ಯ ಹಿಡಿಸಿದ. ನನಗೆ ಒಂದು ಕಾಗದ ತರಲು ಹೇಳಿದ. ಅವರು ಹೇಳಿದ್ದನ್ನು ನಾನು ಬರೆದುಕೊಂಡೆ, ಅದರಲ್ಲಿ ಬಹಳಷ್ಟು ಇವತ್ತಿಗೂ ನೆನಪಿದೆ. ಕ್ಯಾಮರಾ ಅವನ ಸ್ವಂತದ್ದೋ ಬಾಡಿಗೆಯದ್ದೋ ಕೇಳಿ. ಬಾಡಿಗೆಯದ್ದಾದರೆ ಕೈಗೆ ಬಂದ ದಿನವೇ ಸ್ವಲ್ಪ ಫಿಲ್ಮು ಓಡಿಸಿ ತೊಳೆದು ನೋಡಬೇಕು. ಫೋಕಸ್ ಹಿಡಿಯುವ ಸಹಾಯಕ ಯಾರೆಂದು ಕೇಳಿ. ಅವನು ಸರಿ ಇಲ್ಲದಿದ್ದರೆ ಕ್ಯಾಮರಾದವನ ಜಾಣತನದಿಂದ ಪ್ರಯೋಜನವಿಲ್ಲ. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದರೆ ಇಬ್ಬರಿಗೂ ಅದೇ ಮುಖ, ಅದೇ ಜಾಗ, ಅದೇ ಹೊತ್ತು ಕೊಟ್ಟು ಟೆಸ್ಟ್ ಮಾಡಿಸಿ. ಕಥೆ ಪೂರ್ತಿ ಓದದೆ ದರ ಹೇಳುವವನು ಬೇಡ. ಕೊನೆಗೆ, "ನೀವು ಹೇಳಿದ್ದಕ್ಕೆಲ್ಲ ಹೂಂ ಅನ್ನುವವ ಅಪಾಯ. ಒಮ್ಮೆಯಾದರೂ ಆಗುವುದಿಲ್ಲ ಅಂತ ಹೇಳಬೇಕು ಅವನು" ಎಂದರು.

ಅವರನ್ನೇ ಗೊತ್ತು ಮಾಡಿಯಾಯಿತು. ಆ ಬೇಸಗೆ ರಜೆಯಲ್ಲಿ ಸಾಹುಕಾರರ ಜೀಪಿನಲ್ಲಿ ಎರಡು ದಿನ ಜಾಗ ನೋಡಲು ಹೋದೆವು. ಅಮ್ಮನೂ ಬಂದಿದ್ದರು. ಕಾಪುವಿನ ದೀಪಸ್ತಂಭದ ಬಂಡೆಯ ಕೆಳಗೆ ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ ತೆಗೆಯಬೇಕೆಂದು ಅಣ್ಣನ ಆಸೆ. ಕ್ಯಾಮರಾದವರು ಆಗುವುದಿಲ್ಲ ಎಂದರು. ಮರಳು ಬೆಳಕನ್ನು ಕೆಳಗಿನಿಂದ ಎಸೆಯುತ್ತದೆ, ಹಿಂದೆ ಆಕಾಶ ಬಿಳಿಚಿಕೊಂಡಿರುತ್ತದೆ, ನಡುವೆ ಮುಖ ಕಲ್ಲಿದ್ದಲಾಗುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಬನ್ನಿ, ಇಬ್ಬರಿಗೆ ಬಿಳಿ ಪಂಚೆ ಹಿಡಿಸಿ ಮುಖಕ್ಕೆ ಬೆಳಕು ತಿರುಗಿಸುವ ಎಂದರು. ಕಡಲ ಗಾಳಿಯ ಉಪ್ಪು ಲೆನ್ಸಿಗೆ ಕೂರುತ್ತದೆಂದು ಗಳಿಗೆಗೊಮ್ಮೆ ಒಂಟೆಕೂದಲಿನ ಸಣ್ಣ ಬ್ರಶ್ಶಿನಿಂದ ಅದನ್ನು ಸವರುತ್ತಿದ್ದರು. ಫಿಲ್ಮಿನ ಡಬ್ಬಿ ಇಡುವ ಪೆಟ್ಟಿಗೆಯಲ್ಲಿ ಬಟ್ಟೆ ಗಂಟಿನಲ್ಲಿ ಹುರಿದ ಅಕ್ಕಿ. ತೇವ ಎಳೆದುಕೊಳ್ಳಲಿ ಎಂದು. ಅಮ್ಮನಿಗೆ ಅದು ನೋಡಿ ಅವರ ಮೇಲೆ ವಿಶ್ವಾಸ ಬಂತು. ಕಾರ್ಕಳದಲ್ಲಿ ಕರಿಬಂಡೆಯ ಎದುರು ನನ್ನನ್ನು ನಿಲ್ಲಿಸಿ ಕಪ್ಪು ಗಾಜಿನಿಂದ ನೋಡಿ, "ಇಲ್ಲಿ ಟೀಚರ್‌ರ ಮುಖ ಒಂದೇ ಕಾಣ್ತದೆ, ಬೇರೆಂತದೂ ಬೇಡ" ಎಂದರು. ಅಣ್ಣ ಆ ದಿನ ಜೀಪಿನಲ್ಲಿ ಹಾಡು ಹೇಳಿಕೊಂಡು ಬಂದ... ಅವನು ಅಷ್ಟು ಸಂತೋಷದಲ್ಲಿ ಇದ್ದದ್ದು ಆಮೇಲೆ ನಾನು ನೋಡಲಿಲ್ಲ.

ಟೆಸ್ಟ್ ನಮ್ಮ ಅಂಗಳದಲ್ಲೇ ನಡೆಯಿತು. ಮಳೆ ಬರುತ್ತದೆಂದು ಮೋಡ ಕಟ್ಟಿ, ಬಾರದೆ, ಮೈಯೆಲ್ಲ ಬೆವರುವ ದಿನಗಳು. ಅಣ್ಣ ಪೌಡರು, ಕಾಡಿಗೆ ಎಲ್ಲ ತಂದಿಟ್ಟಿದ್ದ. ಕ್ಯಾಮರಾದವರು ಅದನ್ನು ಬದಿಗೆ ಸರಿಸಿ, "ಮುಖ ತೊಳೆದು ಬನ್ನಿ ಟೀಚರ್. ಎಂತದೂ ಹಚ್ಚಬೇಡಿ" ಎಂದರು. ಚಾವಿ ಕೊಟ್ಟು ಓಡಿಸುವ ಅವರ ಸ್ವಂತದ ಸಣ್ಣ ಕ್ಯಾಮರಾ ಮೂರು ಕಾಲಿನ ಮೇಲೆ ನಿಂತಿತ್ತು. ಪಕ್ಕದಲ್ಲಿ ಮಕಮಲ್ಲಿನ ಡಬ್ಬಿಯಲ್ಲಿ ಬಣ್ಣದ ಗಾಜುಗಳು. ಕೆಂಪು ಗಾಜು ಹಾಕಿದರೆ ಚರ್ಮದ ಎಲ್ಲ ಕುಂದೂ ಮುಚ್ಚಿ ಹೋಗುತ್ತದೆ, ನೀಲಿ ಹಾಕಿದರೆ ಬರಿಗಣ್ಣಿಗೆ ಕಾಣದ್ದೂ ಎದ್ದು ಬರುತ್ತದೆ ಎಂದು ಅಣ್ಣನಿಗೆ ವಿವರಿಸಿದರು. "ಮೊದಲು ನೀಲಿಯಲ್ಲಿ ನೋಡಬೇಕು. ಮುಖದಲ್ಲಿ ಎಂತ ಉಂಟು ಅಂತ ತಿಳಿಯದೆ ಬೆಳಕು ಇಡಬಾರದು."

ಕ್ಯಾಮರಾ ಕಿರ್ರನೆ ಓಡಿತು. ನಿಂತಿತು. ಅವರು ನೀಲಿ ಗಾಜನ್ನು ಹಾಕಿ ಮತ್ತೆ ಕಣ್ಣಿಟ್ಟರು. ಆಮೇಲೆ ಕಣ್ಣು ತೆಗೆದು ಬರಿಗಣ್ಣಿನಿಂದ ನನ್ನನ್ನು ನೋಡಿದರು. ಮತ್ತೆ ಕಣ್ಣಿಟ್ಟರು.

"ಎಡಗೆನ್ನೆ ಈಚೆ ಕೊಡಿ. ಇನ್ನೂ ಸ್ವಲ್ಪ... ಸಾಕು."

ಅಷ್ಟು ಹೊತ್ತು ಒಂದೊಂದನ್ನೂ ಅಣ್ಣನಿಗೆ ಹೇಳಿಕೊಡುತ್ತಿದ್ದವರು, ಆಮೇಲೆ ಅವನು ಕೇಳಿದರೂ ಬರಿದೇ ತಲೆ ಆಡಿಸಿದರು. ಮುಗಿಸಿ ಗಾಜುಗಳನ್ನು ಒಳಗಿಡುತ್ತಾ ನನ್ನ ಕೈ ನೋಡಿದರು.

"ಮೊಣಕೈಗೆ ಎಂತ ಆಯ್ತು ಟೀಚರ್?"

ನೋಡಿಕೊಂಡೆ. ಎಡ ಮೊಣಕೈಯ ಹೊರಬದಿಯಲ್ಲಿ ಬೊಕ್ಕೆ ಎದ್ದು ಒಣಗುತ್ತಿತ್ತು. "ಬಚ್ಚಲ ಹಂಡೆ ತಾಗಿರಬೇಕು" ಎಂದೆ.

"ಉರಿಯಲಿಲ್ವಾ?"

"ಗೊತ್ತೇ ಆಗಲಿಲ್ಲ ನೋಡಿ" ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಅವತ್ತು ಮಧ್ಯಾಹ್ನ ಬಚ್ಚಲನ್ನು ಕತ್ತಲು ಮಾಡಿಕೊಂಡು ಆ ತುಂಡು ಫಿಲ್ಮನ್ನು ತೊಳೆದರು. ಅಣ್ಣ ಬಾಗಿಲ ಹೊರಗೆ ಕಾದು ನಿಂತಿದ್ದ. ಹೊರಬಂದವರು, "ಬೆಳಕು ಹೊಕ್ಕಿದೆ. ಸರಿ ಬರಲಿಲ್ಲ. ಇನ್ನೊಮ್ಮೆ ತೆಗೆಯಬೇಕು" ಎಂದಷ್ಟೇ ಹೇಳಿ ಫಿಲ್ಮನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದರು. ಅಣ್ಣನಿಗೆ ಸಮಾಧಾನವಾಗಲಿಲ್ಲ. ಇಷ್ಟು ತಿಳಿದವರಿಗೆ ಬೆಳಕು ಹೊಕ್ಕದ್ದು ಹೇಗೆ ಎಂದು ಊಟಕ್ಕೆ ಕೂತಾಗ ಎರಡು ಸಲ ಕೇಳಿದ. ಬಚ್ಚಲಿನಿಂದ ಹುಳಿ ವಾಸನೆ ಬರುತ್ತಲೇ ಇತ್ತು. ನಾನು ಒಬ್ಬಳೇ ಇದ್ದಾಗ ಕನ್ನಡಿಯ ಎದುರು ಎಡಗೆನ್ನೆ ತಿರುಗಿಸಿ ನೋಡಿಕೊಂಡೆ. ಏನೂ ಕಾಣಲಿಲ್ಲ. ಕಿವಿಯ ಹತ್ತಿರ ಸ್ವಲ್ಪ ಬಿಳುಪು ಇದೆಯೇ ಎಂದು ಅನುಮಾನ ಬಂತು, ಬಿಸಿಲಿನದ್ದಿರಬೇಕು ಎಂದುಕೊಂಡೆ. ಆದರೂ ದಿನಕ್ಕೆ ಹತ್ತು ಸಲ ಕೈ ಅಲ್ಲಿಗೇ ಹೋಗುತ್ತಿತ್ತು.

ನಾಲ್ಕನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬಂದರು. ಅಣ್ಣ ಪ್ರೆಸ್ಸಿಗೆ ಹೋಗಿದ್ದ. ಅವನಿಲ್ಲದ ಹೊತ್ತು ನೋಡಿಯೇ ಬಂದಿದ್ದರೆಂದು ಆಮೇಲೆ ಎಲ್ಲರೂ ಹೇಳಿದರು. ಅದು ನಿಜವೇ ಆಗಿತ್ತು. ಜಗಲಿಯಲ್ಲಿ ಕೂತು, ಅಮ್ಮನನ್ನೂ ನನ್ನನ್ನೂ ಕರೆದು ಕೂರಿಸಿ, ಜೇಬಿನಿಂದ ಅಂಗೈಯಷ್ಟು ದೊಡ್ಡದಾದ ಒಂದು ಫೋಟೋ ತೆಗೆದು ಅಮ್ಮನ ಕೈಗೆ ಕೊಟ್ಟರು. ಆ ಫಿಲ್ಮಿನಿಂದ ತೆಗೆದದ್ದು. ಫಿಲ್ಮು ಹಾಳಾಗಿರಲಿಲ್ಲ. ನನ್ನ ಎಡಗೆನ್ನೆಯ ಮೇಲೆ, ಕಿವಿಯ ಬುಡದಿಂದ ದವಡೆಯವರೆಗೆ, ಎಲೆಯ ಆಕಾರದ ಒಂದು ಬಿಳಿ ಕಲೆ. ಅಂಚು ಗೆರೆ ಎಳೆದಷ್ಟು ಸ್ಪಷ್ಟ.

"ಇದು ಎಂತ ಅಂತ ನನಗೆ ಗೊತ್ತುಂಟು ಅಮ್ಮ" ಎಂದರು. "ನಿನ್ನೆ ಮಂಗಳೂರಿಗೆ ಹೋಗಿ ಒಬ್ಬರು ಡಾಕ್ಟರಮ್ಮನನ್ನು ಕೇಳಿ ಬಂದೆ. ಟೀಚರ್‌ರ ಹೆಸರು ಹೇಳಲಿಲ್ಲ. ಈಗ ಇದಕ್ಕೆ ಮಾತ್ರೆ ಉಂಟು. ಬೇಗ ಶುರು ಮಾಡಿದರೆ ಪೂರ್ತಿ ಹೋಗ್ತದೆ."

ಅಮ್ಮ ಫೋಟೋದಿಂದ ಕಣ್ಣು ತೆಗೆಯದೆ, "ದೊಡ್ಡ ರೋಗವಾ?" ಎಂದು ಕೇಳಿದರು. ಕುಷ್ಠ ಎಂಬ ಶಬ್ದವನ್ನು ನಮ್ಮ ಕಡೆ ಆಗ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರು ತಲೆ ಆಡಿಸಿದರು.

ಅವರಿಗೆ ಗೊತ್ತಾದದ್ದು ಹೇಗೆಂದು ನಾನೇ ಕೇಳಿದೆ. ಮದರಾಸಿನಲ್ಲಿ ಒಬ್ಬ ನಟಿಯ ಕೆನ್ನೆಯಲ್ಲಿ ಇಂತಹದ್ದೇ ಇತ್ತಂತೆ. ಕಂಪೆನಿಯವರು ಮುಚ್ಚಿ ತೆಗೆಯಲು ಹೇಳಿದರು. ಇವರು ಕೆಂಪು ಗಾಜು, ಪಕ್ಕದಿಂದ ಮೆದು ಬೆಳಕು, ಲೆನ್ಸಿಗೆ ತೆಳು ಬಟ್ಟೆ, ಏನೇನೋ ಮಾಡಿ ಎರಡು ವರ್ಷ ಮುಚ್ಚಿದರು. "ಆ ಮುಖ ತೆಗೆದದ್ದಕ್ಕೇ ನನಗೆ ಹೆಸರು ಬಂತು. ಅವಳಿಗೆ ಮಾತ್ರ ನಾನು ಹೇಳಲಿಲ್ಲ. ಅವಳಿಗೆ ಗೊತ್ತಿರಬಹುದು ಅಂತ ಅಂದುಕೊಂಡೆ. ಗೊತ್ತಿರಲಿಲ್ಲ." ಕೊನೆಗೆ, "ಅವಳ ಬೆರಳು ಹೋಯಿತು" ಎಂದರು.

ಅಮ್ಮ ಫೋಟೋ, ಅವರು ಜೊತೆಗೆ ಕೊಟ್ಟ ಫಿಲ್ಮಿನ ಸುರುಳಿ, ಡಾಕ್ಟರಮ್ಮನ ವಿಳಾಸದ ಚೀಟಿ ಎಲ್ಲವನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ನೀರು ಕುಡಿಯಲು ಹೋದದ್ದೋ ಅಳಲು ಹೋದದ್ದೋ ಗೊತ್ತಿಲ್ಲ. ನಾನು ನಂಬಲಿಲ್ಲ. ಫೋಟೋ ಸುಳ್ಳು ಹೇಳಬಹುದಲ್ಲ ಎಂದೆ. ಅದಕ್ಕೆ ಅವರು ಲೆನ್ಸು ಸವರುವ ಆ ಬ್ರಶ್ಶನ್ನು ತೆಗೆದು, "ಕಣ್ಣು ಮುಚ್ಚಿ ಟೀಚರ್. ಮುಟ್ಟಿದಾಗೆಲ್ಲ ಹೇಳಿ" ಎಂದರು. ಕಣ್ಣು ಮುಚ್ಚಿದೆ. ಬಲಗೆನ್ನೆಗೆ ಬ್ರಶ್ಶು ತಾಗಿತು, ಹೂಂ ಎಂದೆ. ಹಣೆಗೆ ತಾಗಿತು, ಹೂಂ ಎಂದೆ. ಆಮೇಲೆ ಕಾದೆ. ಅವರ ಉಸಿರು ಹತ್ತಿರದಲ್ಲೇ ಕೇಳುತ್ತಿತ್ತು, ಹಿತ್ತಿಲಲ್ಲಿ ಬಾವಿಯ ರಾಟೆ ಕೇಳುತ್ತಿತ್ತು. ಬ್ರಶ್ಶು ಮಾತ್ರ ತಾಗಲಿಲ್ಲ.

"ಮುಟ್ಟಿ ಮತ್ತೆ" ಎಂದೆ.

"ಮುಟ್ಟುತ್ತಾ ಇದ್ದೇನೆ."

ಆ ಮಾತು ಮುಗಿಯುವುದಕ್ಕೂ ಅಣ್ಣ ಗೇಟಿನ ಒಳಗೆ ಬಂದದ್ದಕ್ಕೂ ಸರಿಹೋಯಿತು. ಅವನು ಕಂಡದ್ದು ಇಷ್ಟು: ಖಾಲಿ ಜಗಲಿ, ಕಣ್ಣು ಮುಚ್ಚಿ ಮುಖ ಎತ್ತಿ ಕೂತ ತಂಗಿ, ಅವಳ ಕೆನ್ನೆಯ ಮೇಲೆ ಬಗ್ಗಿದ ಗಂಡಸು. ನಾನು ಕಣ್ಣು ಬಿಡುವಾಗ ಅವರು ಆಗಲೇ ಮೆಟ್ಟಿಲ ಮೇಲೆ ಬಿದ್ದಿದ್ದರು. ಅಣ್ಣ ಅವರ ಶರ್ಟು ಹಿಡಿದು ಎಳೆದು ಮುಖಕ್ಕೆ ಹೊಡೆದ. ಕುತ್ತಿಗೆಯ ದಾರ ಹರಿದು ಕಪ್ಪು ಗಾಜು ಕಲ್ಲಿಗೆ ತಾಗಿ ಒಡೆಯಿತು. ಶಬ್ದ ಕೇಳಿ ಅಮ್ಮ ಓಡಿ ಬಂದು ಬಾಗಿಲಲ್ಲಿ ನಿಂತರು.

ಕ್ಯಾಮರಾದವರು ತಿರುಗಿ ಹೊಡೆಯಲಿಲ್ಲ. ಎದ್ದು ನಿಂತು ಮೊದಲು ಅಮ್ಮನನ್ನು ನೋಡಿದರು. ಅಮ್ಮ ನೆಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಒಂದು ವಾಕ್ಯ ಸಾಕಿತ್ತು... ಹೇಳಿದರೆ ಏನಾಗುತ್ತದೆಂದೂ ಅದೇ ಗಳಿಗೆಯಲ್ಲಿ ಕಂಡಿತು. ಅಣ್ಣನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಸಾಹುಕಾರರಿಗೆ ತಿಳಿಯುತ್ತದೆ, ಶಾಲೆಗೆ ತಿಳಿಯುತ್ತದೆ, ಬಾವಿಯ ಹಗ್ಗ ಮುಟ್ಟಬೇಡ ಎನ್ನುತ್ತಾರೆ. ನಾನು ಬಾಯಿ ಬಿಡಲಿಲ್ಲ. ಅವರು ಒಂದು ಕ್ಷಣ ಕಾದು, ಬ್ರಶ್ಶನ್ನು ಹೆಕ್ಕಿಕೊಂಡು ಗೇಟು ದಾಟಿ ಹೋದರು. ಏನೂ ಹೇಳಲಿಲ್ಲ. ಹೇಳಿದ್ದರೆ ಅಣ್ಣನ ಕೋಪ ಆ ಕ್ಷಣದಲ್ಲೇ ಇಳಿಯುತ್ತಿತ್ತು.

ಅಮ್ಮ ಒಳಗೆ ಹೋಗಿ ಫೋಟೋವನ್ನೂ ಫಿಲ್ಮನ್ನೂ ಒಲೆಗೆ ಹಾಕಿದರು. ಫಿಲ್ಮು ಸುರುಟಿಕೊಂಡು ಕರಗಿತು, ಮನೆಯೆಲ್ಲ ನಾರಿತು. ವಿಳಾಸದ ಚೀಟಿಯನ್ನು ಮಾತ್ರ ದೇವರ ಕೋಣೆಯಲ್ಲಿ ಕುಂಕುಮದ ಭರಣಿಯ ಅಡಿಗೆ ಇಟ್ಟರು. ನಾನು ನೋಡುತ್ತಾ ನಿಂತಿದ್ದೆ. ಕ್ಯಾಮರಾದವರ ಪರವಾಗಿ ತೋರಿಸಬಹುದಾದದ್ದು ಲೋಕದಲ್ಲಿ ಆ ಸುಟ್ಟ ಫೋಟೋ ಒಂದೇ ಇತ್ತು. "ಅವರು ಗಂಡಸು, ಅವರದ್ದು ಹೇಗಾದರೂ ಆಗ್ತದೆ. ನೀನು ಬದುಕಬೇಕಲ್ಲ" ಎಂದರು ಅಮ್ಮ.

ಮಾರನೆಯ ದಿನ ಅಣ್ಣ ನನ್ನನ್ನು ಕರೆದು ಕಾಗದ ಬರೆಸಿದ. ಮದರಾಸಿನ ನಾಲ್ಕು ಕಂಪೆನಿಗಳಿಗೆ, ಒಂದೇ ಒಕ್ಕಣೆ. ಇಂಥವರು ನಂಬಿಕೆಯ ಮನೆಯಲ್ಲಿ ಹೆಣ್ಣುಮಗಳ ಜೊತೆ ಅನುಚಿತವಾಗಿ ನಡೆದುಕೊಂಡಿದ್ದಾರೆ, ಮುಂದೆ ಯಾರೂ ಕೆಲಸಕ್ಕೆ ಕರೆಯುವ ಮೊದಲು ಯೋಚಿಸುವುದು. ಆ ಹೆಣ್ಣುಮಗಳ ಅಕ್ಷರದಲ್ಲೇ ಅದು ಹೋಯಿತು. ನನ್ನ ಕೈ ನಡುಗಿತೆಂದು ಬರೆದರೆ ಚಂದ ಕಾಣುತ್ತದೆ. ನಡುಗಲಿಲ್ಲ. ನಾಲ್ಕೂ ಪ್ರತಿಗಳು ಗೆರೆ ತಪ್ಪದೆ ಬಂದವು.

ಸಾಹುಕಾರರು ಈ ಸುದ್ದಿ ಕೇಳಿ ಹಿಂದೆ ಸರಿದರು. ಸಿನೆಮಾ ಅಲ್ಲಿಗೆ ನಿಂತಿತು. ಅಣ್ಣ ಅದರ ಕಾರಣವನ್ನೂ ಕ್ಯಾಮರಾದವರ ತಲೆಗೇ ಕಟ್ಟಿದ.

ತಿಂಗಳಿಗೊಮ್ಮೆ ಅಮ್ಮನೂ ನಾನೂ ಮಂಗಳೂರಿಗೆ ಹೋಗತೊಡಗಿದೆವು. ನನಗೆ ರಕ್ತಹೀನತೆ ಎಂದು ಅಣ್ಣನಿಗೆ ಹೇಳಿದ್ದು. ಡಾಕ್ಟರಮ್ಮ ಕಲೆಯ ಮೇಲೆ ಸೂಜಿ ಊರಿ ನೋಡಿ, ಮೊಣಕೈಯ ನರ ಹಿಡಿದು ನೋಡಿ, ಬಿಳಿಯ ಸಣ್ಣ ಮಾತ್ರೆ ಕೊಟ್ಟರು. ಸಕಾಲಕ್ಕೆ ಬಂದಿದ್ದೀ, ನಿನ್ನಿಂದ ಯಾರಿಗೂ ಹರಡುವ ಹಂತವಲ್ಲ, ಶಾಲೆ ಬಿಡಬೇಡ ಎಂದರು. ಬಸ್ಸು ಕಾಪುವಿನ ಮೇಲೆಯೇ ಹೋಗುತ್ತಿತ್ತು. ಕಾಪು ಬಂತೆಂದರೆ ನಾನು ತಲೆ ತಗ್ಗಿಸುತ್ತಿದ್ದೆ, ಅಮ್ಮ ಚೀಲದೊಳಗೆ ಏನನ್ನೋ ಹುಡುಕುತ್ತಿದ್ದರು. ಮೂರು ವರ್ಷ ಚಿಲ್ಲರೆ ಹೀಗೆ ನಡೆಯಿತು. ಒಂದು ದಿನ ಡಾಕ್ಟರಮ್ಮ, ಇನ್ನು ಬರಬೇಡ, ಮುಗಿಯಿತು ಎಂದರು.

ಆ ದಿನ ಅಮ್ಮ ಜೊತೆಗಿರಲಿಲ್ಲ. ಹಿಂದೆ ಬರುವಾಗ ನಾನು ಕಾಪುವಿನಲ್ಲಿ ಇಳಿದೆ.

ಮದರಾಸಿನ ಕೆಲಸ ನಿಂತ ಮೇಲೆ ಕ್ಯಾಮರಾದವರು ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾರೆಂದು ಕೇಳಿದ್ದೆ. ಅದು ಎಲ್ಲಿ ಎಂದು ವಿಚಾರಿಸಿದ್ದಕ್ಕೆ ಬೀಡಿ ಅಂಗಡಿಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಲ್ಲಿಗೆ ಹೆಂಗಸರು ಹೋಗುವುದಿಲ್ಲ ಮಾರಾಯ್ರೆ" ಎಂದರು. ಆದರೂ ದಾರಿ ತೋರಿಸಿದರು. ದೀಪಸ್ತಂಭದ ಕಡೆಗೆ ಹೋಗುವ ದಾರಿಯಲ್ಲಿ ಹಂಚಿನ ಒಂದು ಕೋಣೆ. ಗೋಡೆಯ ಫೋಟೋಗಳನ್ನು ನೋಡಿದೆ. ಮದುಮಗಳ ಫೋಟೋ ಒಂದೂ ಇರಲಿಲ್ಲ, ಮಕ್ಕಳದ್ದೂ ಇರಲಿಲ್ಲ. ದೋಣಿಗಳು, ಬಿದ್ದ ಮನೆಗಳು, ಉಳಿದೆಲ್ಲ ಸತ್ತವರು. ಕುರ್ಚಿಗೆ ಕಟ್ಟಿ ಕೂರಿಸಿದವರು, ಚಾಪೆಯ ಮೇಲೆ ಮಲಗಿಸಿದವರು, ಕಡಲು ಎತ್ತಿ ಎಸೆದವರು. ನಾನು ನೋಡುವುದನ್ನು ನೋಡಿ ಕ್ಯಾಮರಾದವರು, "ಸತ್ತವರಿಗೆ ನನ್ನ ಹೆದರಿಕೆ ಇಲ್ಲ" ಎಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ತಾಯಿ ತೀರಿಕೊಂಡಿದ್ದರು.

ನಾನು ಏನೂ ಹೇಳುವ ಮೊದಲೇ ಡಬ್ಬಿಯಿಂದ ನೀಲಿ ಗಾಜು ತೆಗೆದು, "ಬಿಸಿಲಿಗೆ ಬನ್ನಿ ಟೀಚರ್" ಎಂದರು. ಬಾಗಿಲ ಹತ್ತಿರ ನಿಲ್ಲಿಸಿ, ಮಾರು ದೂರದಿಂದ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಗಾಜು ಹಿಡಿದು ಬಹಳ ಹೊತ್ತು ನೋಡಿದರು. ಬಾಗಿಲು ಪೂರ್ತಿ ತೆರೆದೇ ಇಟ್ಟಿದ್ದರು. "ಹೋಗಿದೆ. ಏನೂ ಇಲ್ಲ" ಎಂದರು. ಆಗ ನನಗೆ ಅಳು ಬಂತು. ಇವತ್ತೇ ಅಣ್ಣನಿಗೆ ಹೇಳುತ್ತೇನೆ, ಮದರಾಸಿಗೂ ಬರೆಯುತ್ತೇನೆ ಎಂದೆ.

"ಬೇಡ. ಈಗ ಹೇಳಿದರೆ ನಿಮ್ಮ ಮಾನ ಹೋಗ್ತದೆ, ನನ್ನದು ಬರುವುದಿಲ್ಲ."

ಗಾಜನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರು. ಬೆನ್ನು ನನ್ನ ಕಡೆಗಿತ್ತು.

"ಆದರೆ ಮೊದಲ ಒಂದು ವರ್ಷ ಕಾದದ್ದುಂಟು ಟೀಚರ್. ನೀವು ಹೇಳಬಹುದು ಅಂತ. ಪೋ‌ಸ್ಟ್‌ಮನ್ ಬಂದಾಗೆಲ್ಲ ಎದ್ದು ಬಾಗಿಲಿಗೆ ಬರ್ತಿದ್ದೆ."

ಕೋಪದಲ್ಲಿ ಹೇಳಿದ್ದಲ್ಲ. ಆ ಕಾಗದಗಳು ಯಾರ ಅಕ್ಷರದಲ್ಲಿ ಹೋದವು ಎಂಬುದು ಅವರಿಗೆ ಗೊತ್ತಿತ್ತೇ? ನಾನು ಕೇಳಲಿಲ್ಲ. ಗೊತ್ತಿರಲೇಬೇಕು, ಅವರನ್ನು ಕರೆದ ಮೊದಲ ಕಾಗದವೂ ಅದೇ ಅಕ್ಷರದ್ದಲ್ಲವೇ...

ಬಸ್ಸು ಹತ್ತಿ ಮನೆಗೆ ಬಂದೆ. ಅಣ್ಣನಿಗೆ ಹೇಳಲಿಲ್ಲ. ಬೇಡವೆಂದು ಅವರೇ ಹೇಳಿದ್ದಾರಲ್ಲ ಎಂಬ ನೆಪ ಸಿಕ್ಕಿತ್ತು. ಮುಂದಿನ ವರ್ಷ ಕಾರ್ಕಳದ ಒಬ್ಬ ಮಾಸ್ಟ್ರನ್ನು ಮದುವೆಯಾಗಿ ಅಲ್ಲಿಯ ಶಾಲೆಗೆ ವರ್ಗ ಮಾಡಿಸಿಕೊಂಡೆ. ನನ್ನ ಗಂಡನಿಗೂ ಹೇಳಲಿಲ್ಲ.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಣ್ಣ, ಅಮ್ಮ ಇಬ್ಬರೂ ದೀಪಾವಳಿಗೆ ನಮ್ಮಲ್ಲಿಗೆ ಬಂದಿದ್ದರು. ಊಟಕ್ಕೆ ಕೂತಾಗ ಅಣ್ಣ, ಅನ್ನ ಕಲಸುತ್ತಾ, "ಆ ಮನುಷ್ಯ ಸತ್ತನಂತೆ, ಕಾಪುವಿನಲ್ಲಿ. ಮೂರು ದಿನ ಜ್ವರ. ಬಾಗಿಲು ತೆಗೆಯಲಿಲ್ಲ ಅಂತ ನೋಡಿದ್ರಂತೆ" ಎಂದ. ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಅಮ್ಮನ ಕೈ ಬಾಳೆಲೆಯ ಮೇಲೆ ಹಾಗೆಯೇ ನಿಂತಿತು. ಅಮ್ಮ ನನ್ನನ್ನು ನೋಡಲಿಲ್ಲ, ನಾನು ಅಮ್ಮನನ್ನು ನೋಡಲಿಲ್ಲ. "ಸಾರು ಹಾಕು ಮಾರಾಯ್ತಿ" ಎಂದ ಅಣ್ಣ. ಹಾಕಿದೆ. ಅಮ್ಮ ಎಲೆ ಮಡಚಿ ಎದ್ದರು. ಅದಾದ ಮೇಲೆ ಅವರು ಬದುಕಿದ್ದಷ್ಟು ಕಾಲ ನಮ್ಮಿಬ್ಬರ ನಡುವೆ ಈ ವಿಷಯ ಬರಲಿಲ್ಲ.

ಅಣ್ಣನಿಗೆ ನಾನು ಹೇಳಿದ್ದು ಅವನಿಗೆ ಎಂಬತ್ತು ದಾಟಿದ ಮೇಲೆ. ಮಣಿಪಾಲದ ಆಸ್ಪತ್ರೆಯಲ್ಲಿ ಸೊಂಟ ಮುರಿದು ಮಲಗಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮುಗಿಸಿದ ಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿದ. ನಿದ್ದೆ ಹೋದನೆಂದುಕೊಂಡೆ. ಗೋಡೆಯನ್ನೇ ನೋಡುತ್ತಾ, "ನಾನು ಅವರ ಮುಖಕ್ಕೇ ಹೊಡೆದೆ ಅಲ್ವಾ?" ಎಂದು ಕೇಳಿದ. ಹೂಂ ಎಂದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನು 'ಅವರು' ಎಂದದ್ದು. ಆ ಹಾಸಿಗೆಯಿಂದ ಅವನು ಮತ್ತೆ ಏಳಲಿಲ್ಲ.

ವಿನೆಗರಿನ ಬಾಟಲಿ ಒಡೆದ ದಿನ ಸಂಜೆ ಸೊಸೆಯನ್ನು ಕೂರಿಸಿಕೊಂಡು ಅವಳಿಗೂ ಹೇಳಿದೆ. ಕೇಳಿದವಳು ನನ್ನ ಎಡಗೆನ್ನೆಯನ್ನು ಒಮ್ಮೆ ಮುಟ್ಟಿದಳು. ಇದನ್ನೆಲ್ಲ ಬರೆದಿಡಿ ಅತ್ತೆ ಎಂದವಳು ಅವಳೇ. ಬರೆಯುವ ಮೊದಲು ಕ್ಯಾಮರಾದವರ ತಂಗಿಯ ಮಗಳು ಇನ್ನೂ ಇದ್ದಾರೆಂದು ವಿಚಾರಿಸಿ ತಿಳಿದುಕೊಂಡು ಫೋನ್ ಮಾಡಿಸಿದೆ. ಅವರಿಗೂ ಎಪ್ಪತ್ತರ ಮೇಲೆ. ಎಲ್ಲವನ್ನೂ ಹೇಳಿ, ನಿಮ್ಮ ಮಾವನ ಹೆಸರು ಹಾಕಿ ಬರೆಯುತ್ತೇನೆ, ಜನರಿಗೆ ಗೊತ್ತಾಗಲಿ ಎಂದೆ.

"ಬರೆಯಿರಿ ಅಮ್ಮ. ಹೆಸರು ಮಾತ್ರ ಹಾಕಬೇಡಿ" ಎಂದರು. "ಈ ಊರಿನಲ್ಲಿ ಅದನ್ನು ಮರೆಯಲಿಕ್ಕೆ ನಮಗೆ ಐವತ್ತು ವರ್ಷ ಹಿಡಿಯಿತು. ಈಗ ಮಕ್ಕಳಿಗೆ ಮೊಮ್ಮಕ್ಕಳಿಗೆ ಅದು ಗೊತ್ತಿಲ್ಲ. ಮತ್ತೆ ಎತ್ತುವುದು ಬೇಡ."

ಅವರ ಮನಸ್ಸಿಗೆ ಎದುರಾಗಿ ನಾನು ಹೇಗೆ ಹೋಗಲಿ? ಇಲ್ಲಿಯವರೆಗೆ ಬರೆದದ್ದನ್ನು ಇನ್ನೊಮ್ಮೆ ಓದಿದೆ. ಎರಡು ಕಡೆ ಕೈ ತಪ್ಪಿ ಹೆಸರು ಬಿದ್ದಿತ್ತು. ಎರಡನ್ನೂ ಹೊಡೆದುಹಾಕಿ, ಕ್ಯಾಮರಾದವರು ಎಂದು ತಿದ್ದಿದ್ದೇನೆ.